ಓಲೆಯ ಬರಹ ಮತ್ತು ಖಾತೆಯ ಬರಹ

ಕಳೆದ ವರ್ಷ ದಶಲಕ್ಷಣ ಪರ್ವ ಮುಗಿದ ಕೆಲವೇ ದಿನಗಳಲ್ಲಿ ನಮ್ಮ ಭಾಗದ ಬಸದಿಯೊಂದರ ಟ್ರಸ್ಟಿಗೆ ಒಂದು ಮನವಿ ಬಂದಿತು. ತಮಿಳುನಾಡಿನಿಂದ ಬಂದ ನಾಡಿ ಜ್ಯೋತಿಷಿಯೊಬ್ಬರು ಬಸದಿಗೆ ಸೇರಿದ ಯಾತ್ರಿನಿವಾಸದ ಎರಡು ಕೋಣೆಗಳನ್ನು ಹತ್ತು ದಿನಗಳ ಮಟ್ಟಿಗೆ ಬಾಡಿಗೆಗೆ ಕೇಳಿದ್ದರು. ಬಾಡಿಗೆಯಲ್ಲದೆ ಜೀರ್ಣೋದ್ಧಾರ ನಿಧಿಗೆ ಕಾಣಿಕೆಯನ್ನೂ ಕೊಡುವುದಾಗಿ ಬರೆದಿದ್ದರು. ಟ್ರಸ್ಟಿನ ಸದಸ್ಯರಲ್ಲಿ ಎರಡು ಅಭಿಪ್ರಾಯಗಳಾದವು. ಓಲೆಗರಿಯ ಗ್ರಂಥಗಳೆಂದರೆ ನಮಗೂ ಪೂಜ್ಯವೇ, ಅದರಲ್ಲಿ ತಪ್ಪೇನು ಎಂದರು ಕೆಲವರು. ಇದು ನಮ್ಮ ಸಿದ್ಧಾಂತಕ್ಕೆ ಒಪ್ಪುವುದೇ ಎಂದರು ಇನ್ನು ಕೆಲವರು. ಹಿರಿಯನೆಂದೂ, ಸ್ವಲ್ಪ ಶಾಸ್ತ್ರ ಓದಿದವನೆಂದೂ ನನ್ನ ಅಭಿಪ್ರಾಯವನ್ನು ಕೇಳಿದರು. ಅಂದು ಸಭೆಯಲ್ಲಿ ಹೇಳಿದ್ದನ್ನೂ, ಸಂಕೋಚದಿಂದ ಹೇಳದೆ ಉಳಿಸಿಕೊಂಡದ್ದನ್ನೂ ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇನೆ.

ನಾಡಿ ಜ್ಯೋತಿಷವನ್ನು ಕಾಣದವರಿಗಾಗಿ ಮೊದಲು ಅದರ ಪರಿಚಯ. ತಮಿಳುನಾಡಿನ ಶೀರ್ಕಾಳಿಗೂ ಮಯಿಲಾಡುತುರೈಗೂ ನಡುವೆ ವೈತೀಶ್ವರನ್ ಕೋಯಿಲ್ ಎಂಬ ಊರಿದೆ. ವೈದ್ಯನಾಥನೆಂಬ ಹೆಸರಿನ ಶಿವನ ಕ್ಷೇತ್ರ, ಅಂಗಾರಕನ ಸ್ಥಾನವೆಂದೂ ಪ್ರಸಿದ್ಧ. ಆ ದೇವಾಲಯದ ಸುತ್ತಣ ಬೀದಿಗಳಲ್ಲಿ ನಾಡಿ ಓದುವವರ ಮನೆಗಳಿವೆ. ಅಗಸ್ತ್ಯ, ಭೃಗು, ಕೌಶಿಕ ಮೊದಲಾದ ಋಷಿಗಳು ಮುಂದೆ ಹುಟ್ಟಲಿರುವ ಮನುಷ್ಯರ ಜೀವನವನ್ನು ದಿವ್ಯದೃಷ್ಟಿಯಿಂದ ಕಂಡು ಹೇಳಿದರೆಂದೂ, ಅದು ಹಳೆಯ ತಮಿಳು ಪದ್ಯಗಳಲ್ಲಿ ತಾಳೆಗರಿಗಳ ಮೇಲೆ ಉಳಿದಿದೆಯೆಂದೂ ಅವರ ನಂಬಿಕೆ. ಹೋದವನ ಹೆಬ್ಬೆರಳಿನ ಗುರುತನ್ನು ತೆಗೆದುಕೊಳ್ಳುತ್ತಾರೆ. ಗಂಡಸಿಗೆ ಬಲಗೈ, ಹೆಂಗಸಿಗೆ ಎಡಗೈ. ಆ ಗೆರೆಯ ಜಾತಿಯನ್ನು ನೋಡಿ ಒಂದು ಕಟ್ಟನ್ನು ತರುತ್ತಾರೆ. ಕಟ್ಟಿನ ಒಂದೊಂದೇ ಗರಿಯನ್ನು ಓದುತ್ತ ಪ್ರಶ್ನೆ ಕೇಳುತ್ತಾರೆ, ನಾವು ಹೌದು ಅಥವಾ ಅಲ್ಲ ಎನ್ನಬೇಕು. ಎಲ್ಲಕ್ಕೂ ಹೌದು ಎಂಬ ಉತ್ತರ ಬಂದ ಗರಿಯೇ ನಮ್ಮ ಗರಿ. ಅನಂತರ ಕಾಂಡಗಳು. ಮೊದಲನೆಯದು ಸಾಮಾನ್ಯ ಕಾಂಡ, ಆಮೇಲೆ ಕುಟುಂಬ, ಧನ, ಸಂತಾನ, ರೋಗ, ವಿವಾಹ ಎಂದು ಜಾತಕದ ಹನ್ನೆರಡು ಭಾವಗಳನ್ನು ಅನುಸರಿಸಿ ಹನ್ನೆರಡು. ಹದಿಮೂರನೆಯದು ಶಾಂತಿ ಕಾಂಡ. ಹಿಂದಿನ ಜನ್ಮದ ಪಾಪವೇನು, ಅದಕ್ಕೆ ಪರಿಹಾರವೇನು ಎಂಬುದನ್ನು ಹೇಳುವುದು ಇದೇ. ಒಂದೊಂದು ಕಾಂಡಕ್ಕೂ ಬೇರೆ ಬೇರೆ ದಕ್ಷಿಣೆ.

ನಾನು ಅಲ್ಲಿಗೆ ಹೋದದ್ದು 1998ರಲ್ಲಿ. ಆಗ ನನಗೆ ಮೂವತ್ತೆಂಟು ವರ್ಷ. ಬುಕ್ಕಸಾಗರ, ವೆಂಕಟಾಪುರ, ಕಂಪ್ಲಿಯ ಕಡೆಯ ಆಲೆಮನೆಗಳಿಂದ ಬೆಲ್ಲವನ್ನು ಕೊಂಡು ಹೊರಗಿನ ಪೇಟೆಗಳಿಗೆ ಕಳುಹಿಸುವುದು ನಮ್ಮ ತಂದೆಯವರ ಕಾಲದಿಂದ ಬಂದ ವ್ಯಾಪಾರ. ಆ ಹಿಂದಿನ ವರ್ಷ ಪರರಾಜ್ಯದ ಖರೀದಿದಾರನೊಬ್ಬ ಹಣ ಕೊಡದೆ ಕೈ ಎತ್ತಿದ. ಅದೇ ಮಳೆಗಾಲದಲ್ಲಿ ಗೋದಾಮು ಸೋರಿ ಬೆಲ್ಲವೆಲ್ಲ ಕರಗಿ ನೀರಾಯಿತು. ಬಿ.ಕಾಂ. ಓದಿದ್ದ ನನಗೆ ನಷ್ಟದ ಲೆಕ್ಕ ಬರೆಯಲು ಬರುತ್ತಿತ್ತು, ಅದನ್ನು ಸಹಿಸುವ ವಿದ್ಯೆ ಬಂದಿರಲಿಲ್ಲ. ಸ್ನೇಹಿತರೊಬ್ಬರು, ನಿನ್ನ ಓಲೆ ತೆಗೆಸಿ ನೋಡು, ಮನಸ್ಸಿಗೆ ಒಂದು ನಿಲುಗಡೆ ಸಿಗುತ್ತದೆ ಎಂದರು. ಹೊಸಪೇಟೆಯಿಂದ ಬೆಂಗಳೂರಿಗೆ, ಅಲ್ಲಿಂದ ಬಸ್ಸಿನಲ್ಲಿ ತಮಿಳುನಾಡಿಗೆ ಹೋದೆವು.

ನಮ್ಮ ತಂದೆಯವರ ಹೆಸರು ಗರಿಯಲ್ಲಿ ಬಂದಾಗ ನನ್ನ ಮೈಯೆಲ್ಲ ಜುಮ್ಮೆಂದಿತು. ಇದನ್ನು ಮುಚ್ಚಿಡುವುದಿಲ್ಲ. ನಾಡಿ ಓದಿಸಿಕೊಂಡವರನ್ನು ಮೂಢರೆಂದು ನಗುವವರು ಆ ಕೋಣೆಯಲ್ಲಿ ಒಮ್ಮೆ ಕುಳಿತು ನೋಡಬೇಕು. ಎಷ್ಟೋ ವರ್ಷಗಳ ನಂತರ ಆ ದಿನದ ಕ್ಯಾಸೆಟ್ಟನ್ನು ಮತ್ತೆ ಹಾಕಿ ಕೇಳಿದಾಗ ಬೇರೆ ಸಂಗತಿ ಹೊಳೆಯಿತು. ತಂದೆಯ ಹೆಸರು ಮೂರಕ್ಷರಕ್ಕಿಂತ ಹೆಚ್ಚೋ? ದೇವರ ಹೆಸರೋ? ‘ಅಪ್ಪ’ ಎಂದು ಮುಗಿಯುವುದೋ? ಅವರು ಬದುಕಿದ್ದಾರೋ? ಹೀಗೆ ಸುಮಾರು ಒಂದೂವರೆ ಗಂಟೆ ನಡೆದಿತ್ತು. ಹೌದು-ಅಲ್ಲ ಎಂಬ ಪ್ರಶ್ನೆ ಒಂದೊಂದೂ ಸಾಧ್ಯತೆಯನ್ನು ಅರ್ಧಕ್ಕೆ ಇಳಿಸುತ್ತದೆ. ಇಪ್ಪತ್ತು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ 10,48,576 ಸಾಧ್ಯತೆಗಳಲ್ಲಿ ಒಂದನ್ನು ಬೇರ್ಪಡಿಸಬಹುದು. ಲೆಕ್ಕ ಕಲಿತವನಾದ ನಾನು ಅದನ್ನು ಅಲ್ಲೇ ಗುಣಿಸಿ ನೋಡಬಹುದಿತ್ತು. ಆದರೆ ಕಷ್ಟದಲ್ಲಿದ್ದವನು ಲೆಕ್ಕ ಹಾಕಲು ಹೋಗಿರುವುದಿಲ್ಲ.

ಗರಿಗಳ ಪ್ರಾಚೀನತೆಯ ಮಾತನ್ನೂ ಇಲ್ಲಿಯೇ ಮುಗಿಸುತ್ತೇನೆ. ನಮ್ಮ ದಕ್ಷಿಣದ ಹವೆಯಲ್ಲಿ ತಾಳೆಗರಿ ಕೆಲವು ಶತಮಾನಗಳಷ್ಟೇ ಬಾಳುತ್ತದೆ, ಆಮೇಲೆ ಪ್ರತಿ ಮಾಡಬೇಕು. ಸಾವಿರಾರು ವರ್ಷಗಳ ಹಿಂದಿನ ಗರಿ ಎಂಬುದು ಯಾರ ಕೈಯಲ್ಲಿಯೂ ಇರಲಾರದು. ಮದ್ರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಿಂದ ಸಪ್ತರ್ಷಿ ನಾಡಿಯಂತಹ ನಿಜವಾದ ಹಳೆಯ ಗ್ರಂಥಗಳು ಅಚ್ಚಾಗಿವೆ. ಅವು ಲಗ್ನವನ್ನೂ ಗ್ರಹಸ್ಥಿತಿಯನ್ನೂ ಹಿಡಿದು ಫಲ ಹೇಳುವ ಜ್ಯೋತಿಷ ಗ್ರಂಥಗಳು. ವಿದ್ವಾಂಸರು ಅವನ್ನು ಆ ದೃಷ್ಟಿಯಿಂದಲೇ ಓದುತ್ತಾರೆ. ನನಗೆ ಅವುಗಳ ಮೇಲೆ ಯಾವ ದ್ವೇಷವೂ ಇಲ್ಲ. ನನ್ನ ಪ್ರಶ್ನೆ ಬೇರೆ. ಗರಿಯಲ್ಲಿ ಬರೆದದ್ದು ಸುಳ್ಳೆಂದೇ ಇಟ್ಟುಕೊಂಡರೆ ವಿಷಯ ಸುಲಭವಾಗಿ ಮುಗಿಯುತ್ತದೆ. ನಿಜವೆಂದು ಇಟ್ಟುಕೊಂಡರೆ? ನನ್ನ ಹೆಸರು, ನನ್ನ ತಂದೆಯ ಹೆಸರು, ನನ್ನ ನಷ್ಟ ಎಲ್ಲವೂ ನಾನು ಹುಟ್ಟುವ ಮೊದಲೇ ಬರೆದಿತ್ತೆಂದಾದರೆ ನಾನು ಮಾಡಿದ ಕೆಲಸಕ್ಕೆ ನಾನು ಹೊಣೆಯೋ ಅಲ್ಲವೋ?

ನನ್ನ ಶಾಂತಿ ಕಾಂಡದಲ್ಲಿ ಹೀಗೆ ಬಂದಿತು: ಹಿಂದಿನ ಜನ್ಮದಲ್ಲಿ ನಾನು ವರ್ತಕನಾಗಿದ್ದು ನಂಬಿದವರು ಇಟ್ಟ ಹಣವನ್ನು ಕೊಡದೆ ಮುಳುಗಿಸಿದ್ದೆನಂತೆ. ಆದುದರಿಂದ ಈ ಜನ್ಮದಲ್ಲಿ ನಾಲ್ವತ್ತೆರಡು ವರ್ಷ ತುಂಬುವವರೆಗೆ ಕೈಗೆ ಬಂದ ಹಣ ನಿಲ್ಲುವುದಿಲ್ಲ. ಎಷ್ಟು ಹೆಣಗಿದರೂ ಫಲವಿಲ್ಲ. ಕೆಲವು ಕ್ಷೇತ್ರಗಳಲ್ಲಿ ದೀಪ, ಒಂದು ಹೋಮ, ಅನ್ನದಾನ ಮಾಡಿಸಿದರೆ ಮುಂದೆ ಒಳ್ಳೆಯದಾಗುತ್ತದೆ. ಎಲ್ಲವನ್ನೂ ಅವರೇ ಮಾಡಿಸುವುದಾಗಿ ಹೇಳಿ ನಾಲ್ಕು ಸಾವಿರದ ಐನೂರು ರೂಪಾಯಿ ಕೇಳಿದರು. ಕೊಟ್ಟೆ. ಕೊಟ್ಟು ಹೊರಗೆ ಬಂದಾಗ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ನಷ್ಟ ನನ್ನ ಅಜಾಗರೂಕತೆಯಿಂದ ಆದದ್ದಲ್ಲ, ಬರೆದಿತ್ತು, ಆಯಿತು. ನಾಲ್ವತ್ತೆರಡರವರೆಗೆ ಸಾಲಗಾರರಿಗೆ ಕೊಡಲು ಹೆಣಗುವುದೂ ವ್ಯರ್ಥ. ಗರಿ ಇಷ್ಟನ್ನು ಹೇಳಿರಲಿಲ್ಲ. ನಾನೇ ಸೇರಿಸಿಕೊಂಡೆ.

ಸಾಲಗಾರರಲ್ಲಿ ಒಬ್ಬಾಕೆ ನಮ್ಮ ಊರಿನ ವಿಧವೆ. ಗಂಡ ತೀರಿಕೊಂಡ ಮೇಲೆ ಕಾಲುವೆಯ ಕೆಳಗಿನ ತುಂಡು ಹೊಲವನ್ನು ಮಾರಿ, ಮಗಳ ಮದುವೆಗೆಂದು ಇಪ್ಪತ್ತೆರಡು ಸಾವಿರ ರೂಪಾಯಿಗಳನ್ನು ನಮ್ಮ ಅಂಗಡಿಯಲ್ಲಿ ಇಟ್ಟಿದ್ದಳು. ಬ್ಯಾಂಕಿಗೆ ಹೋಗಲು ಹೆದರುವ ಜನ ಸಾಹುಕಾರನ ಅಂಗಡಿಯಲ್ಲಿ ಹಣ ಇಡುವುದು ನಮ್ಮ ಕಡೆಯ ಹಳೆಯ ವಾಡಿಕೆ. ನಾನು ತಮಿಳುನಾಡಿನಿಂದ ಬಂದ ಮರುವಾರ ಆಕೆ ಬಂದು ಕೇಳಿದಳು. ನಾನು ಗಾದಿಯ ಮೇಲೆ ಕುಳಿತು ಬಹಳ ಶಾಂತವಾಗಿ, “ನೋಡವ್ವ, ನನ್ನ ಕರ್ಮ ಹಿಂಗೈತಿ. ಓಲೆ ತೆಗೆಸಿ ನೋಡಿ ಬಂದೀನಿ. ಇನ್ನ ನಾಕು ವರ್ಷ ನನ್ನ ಕೈಯಾಗ ರೊಕ್ಕ ನಿಲ್ಲೋದಿಲ್ಲ. ನಿನ್ನ ಹಣೆಬರಹನೂ ಅದರ ಜೋಡಿ ಕೂಡೈತಿ, ಏನ್ಮಾಡೋದು” ಎಂದೆ. ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಸ್ವಲ್ಪ ಹೊತ್ತು ನಿಂತು ಹೇಳಿದಳು: “ಗರ್ಯಾಗ ನಿಮ್ಮ ಹೆಸರು ಬರದಿದ್ದು ಖರೇನ ಇರಬೌದ್ರಿ ಸಾವ್ಕಾರ್ರ. ನನ್ನ ಹೆಸರು ಬರದಿದ್ದು ನಿಮ್ಮ ಖಾತೆ ಬುಕ್ಕಿನ್ಯಾಗ ಅಲ್ಲೇನ್ರಿ? ಅದನ್ನ ಬರದಾರು ಯಾರ್ರಿ?”

ಅದನ್ನು ಬರೆದವನು ನಾನು. ನನ್ನದೇ ಅಕ್ಷರ.

ಆ ರಾತ್ರಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆದೆ. ದಶಲಕ್ಷಣದ ಹತ್ತು ದಿನಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ಬಾಲ್ಯದಿಂದ ಕೇಳುತ್ತ ಬಂದದ್ದೇ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು, ನ್ಯಾಸಾಪಹಾರ ಇನ್ನೊಂದು. ಮೊದಲನೆಯದು ಸುಳ್ಳು ಬರಹ, ಎರಡನೆಯದು ಇಟ್ಟ ಒಡವೆಯ ಅಪಹರಣ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಇನ್ನೂ ಕಠಿಣವಾದುದು. ಇಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ ‘ಅಷ್ಟೇ’ ಎಂದು ಒಪ್ಪಿಕೊಳ್ಳುವುದೂ ನ್ಯಾಸಾಪಹಾರವೇ. ನಾನು ಆ ವಿಧವೆಗೆ ‘ಅಷ್ಟೇ’ ಎಂದೂ ಹೇಳಿರಲಿಲ್ಲ, ‘ಏನೂ ಇಲ್ಲ’ ಎಂದಿದ್ದೆ. ಪೂರ್ವಜನ್ಮದಲ್ಲಿ ನಂಬಿದವರ ಹಣವನ್ನು ಮುಳುಗಿಸಿದ ಪಾಪಕ್ಕೆ ಸಾವಿರಾರು ರೂಪಾಯಿಗಳ ಶಾಂತಿ ಮಾಡಿಸಿ ಬಂದವನು ಅದೇ ಪಾಪವನ್ನು ಈ ಜನ್ಮದಲ್ಲಿ, ಹಗಲಿನಲ್ಲಿ, ಗಾದಿಯ ಮೇಲೆ ಕುಳಿತು ಮಾಡುತ್ತಿದ್ದೆ. ಹಣ ನಿಲ್ಲದ ಕೈಯಿಂದ ಆ ನಾಲ್ಕೂವರೆ ಸಾವಿರ ಎಲ್ಲಿಂದ ಬಂದಿತ್ತು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇಲ್ಲಿಂದ ಮುಂದೆ ಸಿದ್ಧಾಂತದ ಮಾತು. ಈ ವಿಚಾರ ನಮ್ಮ ಧರ್ಮಕ್ಕೆ ಹೊಸದಲ್ಲ. ವರ್ಧಮಾನ ಮಹಾವೀರರ ಕಾಲದಲ್ಲಿಯೇ ಮಂಖಲಿ ಗೋಶಾಲನು ಎಲ್ಲವೂ ನಿಯತ, ಪುರುಷಕಾರಕ್ಕೆ ಸ್ಥಳವಿಲ್ಲ ಎಂದು ಬೋಧಿಸಿದನು. ಆಜೀವಕರ ಮತ ಅದೇ. ಶ್ವೇತಾಂಬರ ಬಂಧುಗಳ ಉಪಾಸಕದಶಾ ಎಂಬ ಆಗಮದ ಏಳನೆಯ ಅಧ್ಯಯನದಲ್ಲಿ ಆ ಮತವನ್ನು ನಂಬಿದ ಸದ್ದಾಲಪುತ್ರನೆಂಬ ಕುಂಬಾರನ ಕಥೆ ಬರುತ್ತದೆ. ಬಿಸಿಲಿಗೆ ಒಣಗಲಿಟ್ಟ ಗಡಿಗೆಗಳನ್ನು ತೋರಿಸಿ ಭಗವಾನರು, ಇವು ಪ್ರಯತ್ನದಿಂದ ಆದವೋ ಪ್ರಯತ್ನವಿಲ್ಲದೆ ಆದವೋ ಎಂದು ಕೇಳುತ್ತಾರೆ. ಮಣ್ಣು ಕಲಸಿ, ಚಕ್ರಕ್ಕೇರಿಸಿ ಮಾಡಿದವನೇ ‘ಪ್ರಯತ್ನವಿಲ್ಲದೆ, ಎಲ್ಲವೂ ನಿಯತ’ ಎನ್ನುತ್ತಾನೆ. ಹಾಗಾದರೆ ಯಾರಾದರೂ ಈ ಗಡಿಗೆಗಳನ್ನು ಒಡೆದರೆ, ನಿನ್ನ ಹೆಂಡತಿಯ ಮೇಲೆ ಕೈಮಾಡಿದರೆ ಏನು ಮಾಡುವೆ? ಬೈಯುವೆ, ಹೊಡೆಯುವೆ, ಕೊಲ್ಲುವೆ ಎಂದ ಕುಂಬಾರ. ನಿಯತವಾದದ್ದು ನಡೆದರೆ ಹೊಡೆಯುವುದೇಕೆ ಎಂಬ ಪ್ರಶ್ನೆಗೆ ಅವನಲ್ಲಿ ಮಾತಿರಲಿಲ್ಲ.

ಈ ಕಥೆಯಲ್ಲಿ ನನಗೆ ಕಾಣುವ ಸತ್ಯವೆಂದರೆ, ನಿಯತಿವಾದವನ್ನು ನಾವು ಎಂದೂ ಪೂರ್ತಿಯಾಗಿ ನಂಬುವುದಿಲ್ಲ. ನಮ್ಮ ಲೆಕ್ಕದಲ್ಲಿ ಬಾಕಿ ಇದ್ದಾಗ ಮಾತ್ರ ನಂಬುತ್ತೇವೆ. ನನಗೆ ಹಣ ಕೊಡದೆ ಹೋದ ಖರೀದಿದಾರನ ಮೇಲೆ ನಾನು ದಾವೆ ಹೂಡಿದ್ದೆ. ಅವನು ಓಲೆಯ ಮಾತು ಹೇಳಿದ್ದರೆ ಕೇಳುತ್ತಿದ್ದೆನೇ?

‘ಕರ್ಮವಾದವೂ ಅದೇ ಅಲ್ಲವೇ? ಮಾಡಿದ್ದನ್ನು ಉಣ್ಣಲೇಬೇಕಲ್ಲ’ ಎಂದು ನಮ್ಮ ಮನೆಗಳಲ್ಲಿಯೇ ಹೇಳುವವರಿದ್ದಾರೆ. ಇದು ಅರ್ಧ ಓದಿದವರ ಮಾತು. ಕನ್ನಡದ ‘ಹಣೆಬರಹ’ ಎಂಬ ಪದ ಮೊದಲೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಬರಹವೆಂದರೆ ಬರೆದವನೊಬ್ಬ ಬೇಕು. ನಮ್ಮ ಸಿದ್ಧಾಂತದಲ್ಲಿ ಅಂತಹವನಿಲ್ಲ. ಜೀವನೇ ತನ್ನ ಮನೋವಚನಕಾಯ ಯೋಗಗಳಿಂದಲೂ ಕಷಾಯಗಳಿಂದಲೂ ಕರ್ಮವನ್ನು ಕಟ್ಟಿಕೊಳ್ಳುತ್ತಾನೆ, ಮತ್ತು ಆ ಕಟ್ಟುವ ಕೆಲಸ ಈ ಕ್ಷಣದಲ್ಲಿಯೂ ನಡೆದಿದೆ. ಋಷಿಯ ಬರಹ ಒಮ್ಮೆ ಬರೆದು ಮುಗಿಯಿತು. ಕರ್ಮದ ಖಾತೆ ಮುಗಿಯುವುದಿಲ್ಲ, ದಿನವೂ ಜಮಾ-ಖರ್ಚು ಬೀಳುತ್ತಲೇ ಇರುತ್ತದೆ.

ಆಚಾರ್ಯ ನೇಮಿಚಂದ್ರರು ಚಾಮುಂಡರಾಯನ ಕಾಲದಲ್ಲಿ ರಚಿಸಿದ ಗೊಮ್ಮಟಸಾರದ ಕರ್ಮಕಾಂಡದಲ್ಲಿ ಕರ್ಮದ ಹತ್ತು ಕರಣಗಳನ್ನು ಹೇಳಿದ್ದಾರೆ. ಈ ಗ್ರಂಥಕ್ಕೆ 1359ರಲ್ಲಿ ಕೇಶವವರ್ಣಿಯು ಬರೆದ ಕನ್ನಡ ವೃತ್ತಿಯಿದೆ ಎಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ. ಓದುವವರು ಕಡಿಮೆಯಾದದ್ದು ಬೇರೆ ಮಾತು. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ ಬಂಧವೆಂದರೆ ಸಾಲ ಮಾಡುವುದು. ಸತ್ತ್ವವೆಂದರೆ ಅದು ಪುಸ್ತಕದಲ್ಲಿ ಉಳಿದಿರುವುದು. ಉದಯವೆಂದರೆ ಹುಂಡಿಯ ಮಿತಿ ತುಂಬುವುದು. ಮಿತಿಗೆ ಮೊದಲೇ ತೀರಿಸುವುದು ಉದೀರಣೆ, ತಪಸ್ಸು ಮಾಡುವ ಕೆಲಸ ಇದೇ. ಅವಧಿ ಮತ್ತು ತೀವ್ರತೆ ಹೆಚ್ಚುವುದು ಉತ್ಕರ್ಷಣ, ಕುಗ್ಗುವುದು ಅಪಕರ್ಷಣ. ಒಂದು ಶಿರೋನಾಮೆಯ ಬಾಕಿ ಅದೇ ಗುಂಪಿನ ಇನ್ನೊಂದು ಶಿರೋನಾಮೆಗೆ ವರ್ಗವಾಗುವುದು ಸಂಕ್ರಮಣ: ಅಸಾತಾವೇದನೀಯ ಸಾತಾವೇದನೀಯವಾಗಿ ಬದಲಾಗಬಹುದು. ಕೆಲವು ಕಾಲ ಉದಯಕ್ಕೆ ಬಾರದಂತೆ ಅಡಗಿರುವುದು ಉಪಶಮ. ಉಳಿದ ಎರಡು ನಿಧತ್ತಿ ಮತ್ತು ನಿಕಾಚಿತ. ನಿಧತ್ತಿಯಲ್ಲಿ ಕೆಲವು ಬದಲಾವಣೆಗಳಷ್ಟೇ ಸಾಧ್ಯ, ನಿಕಾಚಿತದಲ್ಲಿ ಅದೂ ಇಲ್ಲ.

ನಿಕಾಚಿತದ ಮಾತನ್ನು ನಾನು ಮರೆಮಾಡುವುದಿಲ್ಲ. ಬದುಕಿನಲ್ಲಿ ಕದಲದ ಸಂಗತಿಗಳಿವೆ. ಹುಟ್ಟಿನಿಂದ ಬಂದ ದೇಹದೋಷ, ಎಷ್ಟು ಔಷಧ ಮಾಡಿದರೂ ಉಳಿಯದ ಮಗು, ಇವನ್ನು ಕಂಡ ಮನೆಗಳಲ್ಲಿ ಪುರುಷಾರ್ಥದ ಉಪದೇಶ ಮಾಡಲು ಹೋಗುವವನು ಕ್ರೂರಿ. ಅಂತಹ ತಾಯಿಯೊಬ್ಬಳು ಓಲೆಯ ಮಾತಿನಲ್ಲಿ ಒಂದಿಷ್ಟು ಸಮಾಧಾನವನ್ನು ಕಂಡರೆ ನಾನು ಅವಳೊಡನೆ ವಾದಕ್ಕೆ ನಿಲ್ಲಲಾರೆ. ಆದರೆ ನನ್ನ ಯಾವ ಕರ್ಮ ನಿಕಾಚಿತ, ಯಾವುದು ಅಲ್ಲ ಎಂಬುದು ನನಗೆ ತಿಳಿಯದು. ತಿಳಿಯದಿದ್ದ ಮೇಲೆ ಎಲ್ಲವೂ ಬದಲಾಗಬಹುದೆಂದೇ ನಡೆಯಬೇಕಾಗುತ್ತದೆ.

ಇನ್ನು ಆಯುಷ್ಯ. ನಾಡಿ ಓದಿಸಿದವರು ಮೊದಲು ಕೇಳುವುದು ಎಷ್ಟು ವರ್ಷ ಬದುಕುತ್ತೇನೆ ಎಂದು. ನನಗೆ ಎಪ್ಪತ್ತೆಂಟು ಎಂದಿದ್ದರು. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರ ದೇವ-ನಾರಕಿಗಳು, ಚರಮದೇಹಿಗಳು, ಭೋಗಭೂಮಿಯ ಅಸಂಖ್ಯಾತ ವರ್ಷಾಯುಷ್ಯದವರು ಇವರ ಆಯುಷ್ಯ ಮಾತ್ರ ಮೊಟಕಾಗದು ಎನ್ನುತ್ತದೆ. ಉಳಿದ ನಮ್ಮಂತಹವರ ಆಯುಷ್ಯ ವಿಷ, ಶಸ್ತ್ರ, ರೋಗಗಳಿಂದ ಮಧ್ಯದಲ್ಲಿಯೇ ಕುಗ್ಗಬಹುದು. ಅಕಾಲಮರಣವನ್ನು ಒಪ್ಪಿದ ಧರ್ಮ ನಮ್ಮದು, ಆದುದರಿಂದಲೇ ವೈದ್ಯನನ್ನೂ ಔಷಧದಾನವನ್ನೂ ಒಪ್ಪಿದ ಧರ್ಮ. ಓಲೆಯಲ್ಲಿ ಎಪ್ಪತ್ತೆಂಟು ಇದೆಯೆಂದು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಮುಂದಿನ ಜನ್ಮವನ್ನು ಹೇಳುವುದಂತೂ ಇನ್ನೂ ವಿಚಿತ್ರ. ಕರ್ಮಭೂಮಿಯ ಮನುಷ್ಯನು ಮುಂದಿನ ಭವದ ಆಯುಷ್ಯವನ್ನು ಕಟ್ಟಿಕೊಳ್ಳುವ ಯೋಗ್ಯತೆ ಪಡೆಯುವುದೇ ಈ ಆಯುಷ್ಯದ ಮೂರರಲ್ಲಿ ಎರಡು ಪಾಲು ಕಳೆದ ಮೇಲೆ. ಅವರ ಲೆಕ್ಕದ ಎಪ್ಪತ್ತೆಂಟನ್ನೇ ಹಿಡಿದರೂ ಅದು ಐವತ್ತೆರಡು ದಾಟಿದ ನಂತರ. ಮೂವತ್ತೆಂಟರವನ ಮುಂದಿನ ಭವ ಆಗ ಇನ್ನೂ ಕಟ್ಟಿಯೇ ಇರಲಿಲ್ಲ. ಕಟ್ಟದ ಕರ್ಮವನ್ನು ಯಾವ ಗರಿಯಲ್ಲಿ ಓದುವುದು?

ಇದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಕೇವಲಜ್ಞಾನಿಯು ತ್ರಿಕಾಲದ ಸಕಲ ಪರ್ಯಾಯಗಳನ್ನೂ ಬಲ್ಲನೆಂದ ಮೇಲೆ ಮುಂದೆ ಆಗುವುದು ನಿಶ್ಚಿತವೇ ಆಯಿತಲ್ಲ? ಸೋನಗಢದ ಕಾನಜೀಸ್ವಾಮಿಯವರ ಕಾಲದಿಂದ ‘ಕ್ರಮಬದ್ಧ ಪರ್ಯಾಯ’ವೆಂಬ ಹೆಸರಿನಲ್ಲಿ ನಮ್ಮ ಪಂಡಿತರು ಈ ಪ್ರಶ್ನೆಯನ್ನು ಬಹಳ ಕಾವಿನಿಂದ ಚರ್ಚಿಸಿದ್ದಾರೆ. ಬೆಲ್ಲದ ವ್ಯಾಪಾರಿ ಅದನ್ನು ತೀರ್ಮಾನಿಸುವುದು ಅಧಿಕಪ್ರಸಂಗವಾದೀತು. ನನಗೆ ತಿಳಿದಷ್ಟು ಇದು: ಕೇವಲಿಯ ಜ್ಞಾನ ಕನ್ನಡಿಯಂತೆ. ಕನ್ನಡಿ ಮುಖವನ್ನು ಮಾಡುವುದಿಲ್ಲ. ಕೇವಲಿಯು ನನ್ನ ಮುಂದಿನದನ್ನು ಬಲ್ಲನಾದರೆ ಅದರಲ್ಲಿ ನನ್ನ ಪ್ರಯತ್ನವನ್ನೂ, ಪ್ರಯತ್ನ ಬಿಟ್ಟರೆ ಆ ಬಿಟ್ಟದ್ದನ್ನೂ ಸೇರಿಸಿಯೇ ಬಲ್ಲ. ಸಿದ್ಧಸೇನ ದಿವಾಕರರು ಸನ್ಮತಿತರ್ಕದಲ್ಲಿ ಕಾಲ, ಸ್ವಭಾವ, ನಿಯತಿ, ಪೂರ್ವಕರ್ಮ, ಪುರುಷಕಾರ ಈ ಐದರಲ್ಲಿ ಒಂದನ್ನೇ ಕಾರಣವೆಂದು ಹಿಡಿಯುವುದು ಮಿಥ್ಯಾತ್ವ, ಎಲ್ಲವನ್ನೂ ಕೂಡಿ ಕಾಣುವುದು ಸಮ್ಯಕ್ತ್ವ ಎಂಬ ಅರ್ಥದ ಮಾತನ್ನು ಹೇಳಿದ್ದಾರೆ. ಅಲ್ಲದೆ ಕೇವಲಿಗಳು ತಾವು ಬಲ್ಲುದನ್ನು ಕಾಂಡಕ್ಕೆ ಇಷ್ಟೆಂದು ಮಾರಲಿಲ್ಲ.

ಭವಿಷ್ಯವನ್ನು ಅರಿಯುವ ವಿದ್ಯೆಯನ್ನೇ ನಮ್ಮವರು ಅಲ್ಲಗಳೆದರೆಂದು ಹೇಳಿದರೆ ತಪ್ಪಾಗುತ್ತದೆ. ಅಷ್ಟಾಂಗ ಮಹಾನಿಮಿತ್ತ ನಮ್ಮ ಶ್ರುತದ ಭಾಗವೇ ಆಗಿತ್ತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿನ, ಸುಮಾರು ಕ್ರಿ.ಶ. 600ರ ಶಾಸನದಲ್ಲಿ ನಿಮಿತ್ತಜ್ಞರಾದ ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡು ಹೇಳಿದ ಸಂಗತಿಯಿದೆ. ಕಂಡು ಏನು ಮಾಡಿದರು? ‘ಬರೆದದ್ದು ತಪ್ಪದು’ ಎಂದು ಕುಳಿತುಕೊಳ್ಳಲಿಲ್ಲ. ಮುನಿಸಂಘ ದಕ್ಷಿಣಕ್ಕೆ ನಡೆಯಿತು, ಕರ್ಣಾಟಕದಲ್ಲಿ ನಮ್ಮ ಧರ್ಮ ಬೇರೂರಿತು. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರೂ ನಿಮಿತ್ತಜ್ಞರೇ. ತಮ್ಮ ಆಯುಷ್ಯ ಸ್ವಲ್ಪವೇ ಉಳಿದಿದೆ ಎಂದರಿತು ಅವರು ಮಾಡಿದ್ದು ಪುಷ್ಪದಂತ-ಭೂತಬಲಿಗಳನ್ನು ಕರೆಸಿ ತಮ್ಮಲ್ಲಿದ್ದ ಶ್ರುತವನ್ನು ಧಾರೆಯೆರೆದದ್ದು. ಅದರಿಂದ ಷಟ್ಖಂಡಾಗಮ ಹುಟ್ಟಿತು, ಅದರ ನೆನಪಿಗೆ ಶ್ರುತಪಂಚಮಿ ಬಂತು. ಮುಂದಿನದನ್ನು ಅರಿತವರು ಕೆಲಸಕ್ಕೆ ತೊಡಗಿದರು. ನಾನು ಅರಿತು ಕೆಲಸ ಬಿಟ್ಟೆ. ಇನ್ನೊಂದು ಮಾತೂ ಇದೆ. ಮೂಲಾಚಾರವು ಮುನಿಯ ಆಹಾರದ ಉತ್ಪಾದನ ದೋಷಗಳಲ್ಲಿ ನಿಮಿತ್ತವನ್ನು ಎಣಿಸಿದೆ. ಭವಿಷ್ಯ ಹೇಳಿ ಅನ್ನ ಪಡೆದರೆ ಆ ಅನ್ನ ದೋಷಯುಕ್ತ. ಮುನಿಗೆ ಹೇಳಿದ್ದು ಬಸದಿಯ ನಿಧಿಗೆ ಅನ್ವಯಿಸದೇ ಎಂದು ಸಭೆಯಲ್ಲಿ ಕೇಳಿದೆ. ಒಬ್ಬರು, ನಾವು ಬರೀ ಬಾಡಿಗೆ ಪಡೆಯುತ್ತೇವಲ್ಲ ಎಂದರು. ಇರಬಹುದು.

ಓಲೆಗರಿ ನಮಗೂ ಪೂಜ್ಯವೆಂದವರ ಮಾತಿಗೆ ಬರುತ್ತೇನೆ, ಏಕೆಂದರೆ ಆ ಮಾತು ನಿಜ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಸಿ ದಾನ ಮಾಡಿದಳು. ಮೂಡುಬಿದಿರೆಯ ಸಿದ್ಧಾಂತ ಬಸದಿಯ ಓಲೆಗಳಿಲ್ಲದಿದ್ದರೆ 816ರಲ್ಲಿ ವೀರಸೇನರು ಮುಗಿಸಿದ ಧವಳಾ ಟೀಕೆ ಜಗತ್ತಿಗೇ ಇಲ್ಲವಾಗುತ್ತಿತ್ತು. ಬಹು ಕಾಲ ಅವು ದರ್ಶನಕ್ಕೆ ಮಾತ್ರ ಇದ್ದವು. ನಮಸ್ಕರಿಸಿದವರು ಸಾವಿರ, ಓದಿದವರಿಲ್ಲ. 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದ ಮೇಲೆಯೇ ಕನ್ನಡ ಲಿಪಿಯಲ್ಲಿ ಅಡಗಿದ್ದ ಆ ಶ್ರುತ ಎಲ್ಲರದಾಯಿತು. ತಮಿಳುನಾಡಿನ ಕಥೆಯೂ ಬೇರೆಯಲ್ಲ. ಉ.ವೇ. ಸ್ವಾಮಿನಾಥ ಅಯ್ಯರ್ ಊರೂರು ಅಲೆದು ಗರಿಗಳನ್ನು ಕೂಡಿಸಿದರು. ಹಳೆಯ ಗರಿಗಳನ್ನು ಬೆಂಕಿಗೆ ಹಾಕಿದ, ಹೊಳೆಗೆ ಬಿಟ್ಟ ಪ್ರಸಂಗಗಳನ್ನು ಅವರು ನೋವಿನಿಂದ ಬರೆದಿದ್ದಾರೆ. 1887ರಲ್ಲಿ ಅವರು ಅಚ್ಚು ಹಾಕಿಸಿದ ಸೀವಕ ಚಿಂತಾಮಣಿ ಜೈನ ಕಾವ್ಯ, ನಮ್ಮ ಜೀವಂಧರನ ಕಥೆಯೇ. ಶೈವರಾದ ಅಯ್ಯರ್ ಅವರಿಗೆ ಅದರಲ್ಲಿನ ಜೈನ ವಿಷಯಗಳನ್ನು ತಿಳಿಸಿಕೊಟ್ಟವರು ಕುಂಭಕೋಣದ ಜೈನ ಶ್ರಾವಕರು. ನಾನು ಹೋದ ಊರಿಗೂ ಕುಂಭಕೋಣಕ್ಕೂ ಬಹಳ ದೂರವೇನಿಲ್ಲ. ತಮಿಳು ಗರಿಯಲ್ಲಿ ಜೀವಂಧರನನ್ನು ಓದಿಕೊಟ್ಟ ಶ್ರಾವಕರ ನಾಡಿಗೆ ಹೋಗಿ ನಾನು ಹುಡುಕಿದ್ದು ನನ್ನ ಹೆಸರನ್ನು.

ಬುಕ್ಕಸಾಗರದಿಂದ ಹೊಸಪೇಟೆಗೆ ಹೋಗುವಾಗ ಕಮಲಾಪುರಕ್ಕೆ ಮುಂಚೆ ರಸ್ತೆಯ ಪಕ್ಕದಲ್ಲಿಯೇ ಗಾಣಗಿತ್ತಿ ಬಸದಿ ಕಾಣುತ್ತದೆ. ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪ ಶಕ 1307ರಲ್ಲಿ, ಎಂದರೆ 1385-86ರಲ್ಲಿ, ಕುಂಥುನಾಥ ಜಿನನಿಗಾಗಿ ಕಟ್ಟಿಸಿದ್ದು. ಎದುರಿನ ಕಂಬದ ಮೇಲಿನ ಸಂಸ್ಕೃತ ಶಾಸನದಲ್ಲಿ ಅವನ ಗುರುಪರಂಪರೆ, ಅವನ ತಂದೆ, ಅವನು ಮಾಡಿದ ಕೆಲಸ, ಮಾಡಿದ ದಿನ ಎಲ್ಲ ಇದೆ. ಕೆಲಸ ಮಾಡಿದ ನಂತರ ಬರೆಸಿದ್ದು. ಆ ದಾರಿಯಲ್ಲಿ ನೂರಾರು ಸಲ ಬೆಲ್ಲದ ಲಾರಿಯಲ್ಲಿ ಹೋಗಿದ್ದವನು ವಿಧವೆಯ ಮಾತು ಕೇಳಿದ ಮೇಲೆ ಒಂದು ದಿನ ಇಳಿದು ಆ ಕಂಬದ ಕೆಳಗೆ ಬಹಳ ಹೊತ್ತು ಕುಳಿತಿದ್ದೆ. ನಮ್ಮ ವ್ಯಾಪಾರಿಗಳ ಪುಸ್ತಕವೂ ಹಾಗೆಯೇ, ನಡೆದದ್ದನ್ನು ಬರೆಯುತ್ತೇವೆ. ನಡೆಯುವ ಮೊದಲೇ ಬರೆದಿಟ್ಟ ಖಾತೆಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ಟ್ರಸ್ಟಿಗೆ ನಾನು ಕೊಟ್ಟ ಸಲಹೆ ಎರಡೇ ಮಾತು. ನಾಡಿ ಓದುವವರನ್ನು ಅವಮಾನಿಸದೆ, ಕೋಣೆ ಕೊಡಲಾಗದೆಂದು ಬರೆಯಿರಿ. ಅದೂ ಒಂದು ಕುಲವೃತ್ತಿ, ಅವರಿಗೂ ಹೊಟ್ಟೆಯಿದೆ. ಎರಡನೆಯದು, ಬಸದಿಯ ಕಪಾಟಿನಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಓಲೆಕಟ್ಟುಗಳನ್ನು ಶ್ರುತಪಂಚಮಿಯ ದಿನ ಅರಿಸಿನ ಕುಂಕುಮ ಹಚ್ಚಿ ಮತ್ತೆ ಒಳಗಿಡುವುದು ನಿಲ್ಲಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದವರನ್ನು ಕರೆಸಿ, ಹುಳು ಹತ್ತದಂತೆ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚಿಸಿ, ಫೋಟೋ ತೆಗೆಸಿ, ಅದರಲ್ಲಿ ಏನಿದೆಯೆಂದು ತಿಳಿದುಕೊಳ್ಳಿ. ಮೊದಲನೆಯದನ್ನು ಬಹುಮತದಿಂದ ಒಪ್ಪಿದರು. ಎರಡನೆಯದು ಮುಂದಿನ ಸಭೆಗೆ ಹೋಗಿದೆ.

ವಿಧವೆಯ ಹಣವನ್ನು ನಾನು ಒಮ್ಮೆಗೇ ಕೊಡಲಿಲ್ಲ, ಕೊಡಲಾಗಲಿಲ್ಲ. ಮನೆಯಾಕೆಯ ಎರಡು ಬಳೆಗಳನ್ನು ಮಾರಿ ಮೊದಲ ಕಂತನ್ನು ಆ ತಿಂಗಳಲ್ಲಿಯೇ ಕೊಟ್ಟೆ. ನಾಲ್ವತ್ತೆರಡು ತುಂಬುವುದನ್ನು ಕಾಯದೆ, ಏಳು ಕಂತುಗಳಲ್ಲಿ, ಮೂರು ವರ್ಷಗಳೊಳಗೆ ಬಡ್ಡಿಸಹಿತ ಮುಗಿಯಿತು. ಅಷ್ಟರಲ್ಲಿ ಆಕೆಯ ಮಗಳ ಮದುವೆ ಒಂದು ಸಲ ಮುಂದಕ್ಕೆ ಹೋಗಿತ್ತು. ಅದನ್ನು ಯಾವ ಕಂತಿನಲ್ಲಿಯೂ ತೀರಿಸಲಾಗುವುದಿಲ್ಲ. ಕೊನೆಯ ಕಂತಿನ ದಿನ ಆಕೆ ಹಣವನ್ನು ಎಣಿಸಲಿಲ್ಲ. “ಬುಕ್ಕಿನ್ಯಾಗ ಬರೀರಿ, ನನ್ನ ಕಣ್ಮುಂದ ಬರೀರಿ” ಎಂದಳು. ಬರೆದು ಓದಿ ಹೇಳಿದೆ. ಆಕೆಗೆ ಸಹಿ ಬಾರದು. ಸ್ಟಾಂಪ್ ಪ್ಯಾಡನ್ನು ಮುಂದಿಟ್ಟೆ. ಎಡಗೈಯ ಹೆಬ್ಬೆರಳನ್ನು ಒತ್ತಿ, ಬಾಕಿ ಇಲ್ಲ ಎಂದು ನಾನು ಬರೆದಿದ್ದ ಸಾಲಿನ ಕೆಳಗೆ ಗುರುತು ಹಾಕಿ, ಸೆರಗಿಗೆ ಬೆರಳು ಒರೆಸಿಕೊಂಡು ಹೊರಟುಹೋದಳು.